ಮಂಡ್ಯದಂಥ ಊರಿಗೆ ಉದ್ಯಾನ, ನಡಿಗೆ ದಾರಿ: ಗ್ರಾಮ ನಕ್ಷೆಯಿಂದ ಮರದ ನೆರಳಿನವರೆಗೆ

ಬೆಳಗಿನ ಐದೂವರೆಗೆ ಮನೆ ಬಿಟ್ಟ ಮಂಡ್ಯದ ಜನ ಎಲ್ಲಿ ನಡೆಯುತ್ತಾರೆ ಎಂದು ಒಂದು ವಾರ ಗಮನಿಸಿ. ಒಂದಷ್ಟು ಜನ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗುತ್ತಾರೆ. ಇನ್ನಷ್ಟು ಜನ ನೂರಡಿ ರಸ್ತೆಯ ಅಂಚಿನಲ್ಲಿ, ಹಾಲಿನ ವ್ಯಾನು ಮತ್ತು ಬೈಕುಗಳಿಗೆ ಮೈ ಸರಿಸಿಕೊಳ್ಳುತ್ತ ಸಾಗುತ್ತಾರೆ. ಊರಂಚಿನ ಬಡಾವಣೆಗಳವರು ಯಾರನ್ನೂ ಕೇಳದೆ ನಾಲೆಯ ಏರಿ ಹತ್ತುತ್ತಾರೆ. ಅಲ್ಲಿ ಬೆಂಚಿಲ್ಲ, ದೀಪವಿಲ್ಲ, ಫಲಕವಿಲ್ಲ. ಆದರೂ ಹೋಗುತ್ತಾರೆ, ಏಕೆಂದರೆ ಒಂದು ಪಕ್ಕ ನೀರಿದೆ, ಇನ್ನೊಂದು ಪಕ್ಕ ಗದ್ದೆಯಿದೆ, ಎದುರಿಗೆ ದಾರಿ ನೇರವಾಗಿ ಮುಂದೆ ಹೋಗುತ್ತದೆ.

ಬೆಳೆಯುತ್ತಿರುವ ಸಣ್ಣ ನಗರದಲ್ಲಿ ಉದ್ಯಾನ ಎಂದರೆ ಕಾಂಪೌಂಡು, ಕಾರಂಜಿ, ಹುಲ್ಲುಹಾಸು ಎಂದೇ ಎಲ್ಲರೂ ಯೋಚನೆ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಮೊದಲು ದಾರಿಗಳನ್ನು ಗುರುತಿಸಬೇಕು, ಅವುಗಳನ್ನು ಕಾಗದದಲ್ಲಿ ಭದ್ರಪಡಿಸಬೇಕು, ಆಮೇಲೆ ಆ ದಾರಿಗಳ ಮೇಲೆ ಮಣಿಗಳನ್ನು ಪೋಣಿಸಿದಂತೆ ಉದ್ಯಾನಗಳನ್ನು ಕೂರಿಸಬೇಕು. ಮಂಡ್ಯಕ್ಕೆ ಇದು ಇನ್ನೂ ಸುಲಭ. ಕನ್ನಂಬಾಡಿಯಿಂದ ನೀರು ತಂದವರು ನಾಲೆಯ ಜೊತೆಗೆ ಏರಿಯನ್ನೂ ಕಟ್ಟಿದರು. ಅದಕ್ಕೂ ಹಿಂದಿನವರು ಕೆರೆ ಕಟ್ಟಿ, ಬಂಡಿದಾರಿ ಬಿಟ್ಟು ಹೋಗಿದ್ದಾರೆ. ನಾವು ಹೊಸದಾಗಿ ಮಾಡಬೇಕಾದದ್ದಕ್ಕಿಂತ ಇರುವುದನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಬೇಕಾದದ್ದೇ ಹೆಚ್ಚು.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು, ನಗರಸಭೆ ಸದಸ್ಯರು, ಶಾಲಾ ಶಿಕ್ಷಕರು, ಬೆಳಿಗ್ಗೆ ಒಟ್ಟಿಗೆ ನಡೆಯುವ ನಾಲ್ಕು ಜನ ಸ್ನೇಹಿತರು, ಯಾರು ಬೇಕಾದರೂ ಕೈಹಾಕಬಹುದಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಮೊದಲು ನಡೆಯಿರಿ, ಎಣಿಸಿರಿ

ಒಂದು ನೋಟ್‌ಬುಕ್ ಹಿಡಿದು ಊರನ್ನು ಮೂರು ಹೊತ್ತಿನಲ್ಲಿ ನಡೆಯಿರಿ: ಬೆಳಗಿನ ಐದೂವರೆಯಿಂದ ಏಳು, ಮಧ್ಯಾಹ್ನ ಹನ್ನೆರಡರಿಂದ ಎರಡು, ಸಂಜೆ ಐದರಿಂದ ಏಳೂವರೆ. ಬೆಳಗಿನ ಹೊತ್ತು ವ್ಯಾಯಾಮಕ್ಕೆ ಬರುವವರನ್ನು ತೋರಿಸುತ್ತದೆ. ಮಧ್ಯಾಹ್ನದ ಹೊತ್ತು ನೆರಳಿಲ್ಲದೆ ಅಂಗಡಿ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಕೂಲಿಯವರನ್ನು, ಆಸ್ಪತ್ರೆಗೆ ಬಂದ ಹಳ್ಳಿಯವರನ್ನು ತೋರಿಸುತ್ತದೆ. ಸಂಜೆ ಮಕ್ಕಳು ಯಾವ ಖಾಲಿ ನಿವೇಶನದಲ್ಲಿ ಕ್ರಿಕೆಟ್ ಆಡುತ್ತಾರೆ ಎಂಬುದು ಗೊತ್ತಾಗುತ್ತದೆ. ಆ ನಿವೇಶನದಲ್ಲಿ ಇವತ್ತಲ್ಲ ನಾಳೆ ಮನೆ ಏಳುತ್ತದೆ, ಆಗ ಆ ಮಕ್ಕಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.

ಒಂದೊಂದು ಜಾಗದಲ್ಲಿ ಅರ್ಧ ಗಂಟೆ ನಿಂತು ಎಣಿಸಿ. ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು, ಕೋಲು ಹಿಡಿದವರೆಷ್ಟು ಎಂದು ನಾಲ್ಕು ಕಾಲಂ ಸಾಕು. ಒಂದು ದಾರಿಯಲ್ಲಿ ಸಂಜೆ ಆರೂವರೆಯ ನಂತರ ಹೆಂಗಸರು ಕಾಣುವುದಿಲ್ಲ ಎಂದಾದರೆ ಆ ದಾರಿಯಲ್ಲಿ ಏನೋ ತಪ್ಪಿದೆ ಎಂದೇ ತಿಳಿಯಬೇಕು. ದೀಪವಿಲ್ಲದಿರಬಹುದು, ಕುಡಿಯುವವರು ಕೂರುವ ಮೋರಿಯೊಂದು ಇರಬಹುದು, ಅಥವಾ ಒಳಗೆ ಹೋದ ಮೇಲೆ ಬೇರೆ ಕಡೆಯಿಂದ ಹೊರಬರಲು ದಾರಿಯೇ ಇಲ್ಲದಿರಬಹುದು.

ಮಳೆ ಬಂದ ಮಾರನೆಯ ದಿನವೂ ಒಂದು ಸುತ್ತು ಹೋಗಿ ಬನ್ನಿ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ಆಗ ಎಲ್ಲಿ ನೀರು ನಿಂತಿದೆಯೋ ಅದು ಹಳೆಯ ಹಳ್ಳವೋ ಕೆರೆಯ ಅಂಗಳವೋ ಆಗಿರುವ ಸಂಭವವೇ ಹೆಚ್ಚು. ಮನೆ ಕಟ್ಟಲು ಯೋಗ್ಯವಲ್ಲದ ಆ ತಗ್ಗು ಉದ್ಯಾನಕ್ಕೆ ಬಲು ಒಳ್ಳೆಯ ಜಾಗ.

ಹಂತ 2: ಹಳೆಯ ನಕ್ಷೆಯನ್ನು ಹುಡುಕಿ ತೆಗೆಯಿರಿ

ಕೆಲಸದ ಜೀವ ಇರುವುದು ಈ ಹಂತದಲ್ಲಿ. ಹಣ ಹೇಗೋ ಹೊಂದಿಸಬಹುದು, ಗಿಡ ಮತ್ತೆ ನೆಡಬಹುದು, ಆದರೆ ಕೈತಪ್ಪಿದ ಜಾಗ ಮತ್ತೆ ಬರುವುದಿಲ್ಲ.

ನಗರದೊಳಗೆ ಸೇರಿಹೋದ ಹಳೆಯ ಹಳ್ಳಿಗಳ ಗ್ರಾಮ ನಕ್ಷೆಗಳನ್ನು ಭೂಮಾಪನ ಇಲಾಖೆಯಿಂದ ಪಡೆಯಿರಿ. ಗುತ್ತಲು, ಕಲ್ಲಹಳ್ಳಿ, ಚಿಕ್ಕಮಂಡ್ಯದಂಥ ಹೆಸರುಗಳು ಈಗ ಬಡಾವಣೆಗಳಂತೆ ಕೇಳಿಸುತ್ತವೆ, ಆದರೆ ನಕ್ಷೆಯಲ್ಲಿ ಅವು ಇನ್ನೂ ಹಳ್ಳಿಗಳೇ. ಸರ್ವೆ ನಂಬರ್‌ಗಳ ನಡುವೆ ಚುಕ್ಕೆ ಗೆರೆಗಳಲ್ಲಿ ಕಾಲುದಾರಿ, ಬಂಡಿದಾರಿಗಳು ಕಾಣುತ್ತವೆ. ಹಳ್ಳ, ಕೆರೆ, ಗುಂಡುತೋಪು, ಸ್ಮಶಾನ, ಗೋಮಾಳ ಎಲ್ಲವೂ ಅದರಲ್ಲಿ ಇರುತ್ತವೆ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಎಂದು ತಿಳಿಯುತ್ತದೆ. ಕೆಲವು ಮೀಟರ್ ಆಚೀಚೆ ಆಗಬಹುದು, ಗಡಿ ನಿಗದಿಗೆ ಅದನ್ನು ನೆಚ್ಚಬಾರದು. ಅದಕ್ಕೆ ಭೂಮಾಪಕರ ಅಳತೆಯೇ ಬೇಕು.

ಪಹಣಿಯಲ್ಲಿ ಖರಾಬು ಕಾಲಂ ನೋಡುವುದನ್ನು ಮರೆಯಬೇಡಿ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಎರಡು ಗುಂಟೆ, ಮೂರು ಗುಂಟೆ ಎಂದು ಚೂರುಚೂರಾಗಿ ಬರೆದಿರುವ ಈ ಅಂಕಿಗಳನ್ನು ಒಂದಕ್ಕೊಂದು ಜೋಡಿಸಿದಾಗ ಅರ್ಧ ಕಿಲೋಮೀಟರಿನ ಒಂದು ದಾರಿ ಎದ್ದು ನಿಲ್ಲುವುದುಂಟು.

ಮುಂದಿನದು ಬಡಾವಣೆ ನಕ್ಷೆ. ಅನುಮೋದಿತ ವಸತಿ ಬಡಾವಣೆಯಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಜಾಗ ಉದ್ಯಾನ ಮತ್ತು ಬಯಲಿಗೆ ಮೀಸಲಿರಬೇಕು. ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಬಿಡುವ ನಿವೇಶನ ಅದಕ್ಕಿಂತ ಬೇರೆ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಪ್ರತಿ ಬಡಾವಣೆಯ ಅನುಮೋದಿತ ನಕ್ಷೆ ಕೇಳಿ. ಕೊಡಲು ತಡಮಾಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಆದ್ದರಿಂದ ಒಂದು ಬಡಾವಣೆಗೆ ಒಂದು ಅರ್ಜಿ ಎಂದು ಇಟ್ಟುಕೊಳ್ಳಿ.

ನಕ್ಷೆ ಕೈಗೆ ಬಂದ ಮೇಲೆ ಆ ಜಾಗಕ್ಕೆ ಹೋಗಿ ಟೇಪು ಹಿಡಿಯಿರಿ. ಒಮ್ಮೆ ನಾವು ಐದಾರು ಜನ ಹೀಗೆ ಅಳೆಯಲು ಹೋದಾಗ ಮೂಲೆಯ ಗಡಿಕಲ್ಲು ಎಲ್ಲೂ ಕಾಣಲಿಲ್ಲ. ಲಾಂಟಾನಾ ಪೊದೆ ಸವರಿ, ಮಣ್ಣು ಕೆದಕಿದ ಮೇಲೆ ಒಂದು ಅಡಿ ಕೆಳಗೆ ಕಲ್ಲು ಸಿಕ್ಕಿತು. ಅದರ ತಲೆಯ ಮೇಲಿನ ಕೂಡುಗೆರೆ ಇನ್ನೂ ಸ್ಪಷ್ಟವಾಗಿತ್ತು. ಪಕ್ಕದ ಮನೆಯ ಶೀಟಿನ ಶೆಡ್ಡು ಆ ಗೆರೆಯಿಂದ ನಾಲ್ಕು ಹೆಜ್ಜೆ ಒಳಗೆ ಬಂದಿತ್ತು. ಜಗಳವೇನೂ ಆಗಲಿಲ್ಲ. ಕಲ್ಲು ಕಂಡ ಮೇಲೆ ಆ ಮನೆಯವರೇ ಶೆಡ್ಡು ತೆಗೆದುಕೊಂಡರು. ಕಲ್ಲು ಕಾಣದೆ ಹೋಗಿದ್ದರೆ ಹತ್ತು ವರ್ಷದಲ್ಲಿ ಅಲ್ಲಿ ತಾರಸಿ ಎದ್ದಿರುತ್ತಿತ್ತು.

1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ನಿಮ್ಮ ದೊಡ್ಡ ಆಯುಧ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿಯನ್ನು ತಯಾರಿಸಬೇಕು ಎನ್ನುತ್ತದೆ ಈ ಕಾಯ್ದೆ. ನಿಮ್ಮ ಊರಿನ ಪಟ್ಟಿಯಲ್ಲಿ ಏನಿದೆ ಎಂದು ನೋಡಿ, ನೀವು ನಡೆದು ಕಂಡದ್ದರ ಪಕ್ಕದಲ್ಲಿ ಇಟ್ಟು ಹೋಲಿಸಿ. ಪಟ್ಟಿಯಲ್ಲಿ ಇಲ್ಲದ ಜಾಗಗಳನ್ನು ಸೇರಿಸುವಂತೆ ಸರ್ವೆ ನಂಬರ್, ಅಳತೆ, ಫೋಟೋ ಸಮೇತ ಪೌರಾಯುಕ್ತರಿಗೆ ಬರೆದು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಹಂತ 3: ಎಷ್ಟು ಬೇಕು ಎಂಬ ಲೆಕ್ಕ

ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಇರಲಿ ಎನ್ನುತ್ತದೆ. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ 1,37,358. ತಲೆಗೆ 10 ಚದರ ಮೀಟರ್ ಎಂದರೂ ಅಂದಿನ ಜನಕ್ಕೇ ಸುಮಾರು 340 ಎಕರೆ ಬೇಕಿತ್ತು. ಇಂದು ಇನ್ನೂ ಹೆಚ್ಚು.

ಈ ಅಂಕಿ ನೋಡಿ ಎದೆಗುಂದಬೇಕಾಗಿಲ್ಲ. ಅಷ್ಟು ಜಾಗವನ್ನು ಊರಿನ ನಡುವೆ ಯಾರೂ ಕೊಡಲಾರರು. ಆದರೆ ಮೂರು ಮೀಟರ್ ಅಗಲದ ಒಂದು ಕಿಲೋಮೀಟರ್ ದಾರಿಗೆ ಬೇಕಾಗುವುದು ಸುಮಾರು 30 ಗುಂಟೆ ಮಾತ್ರ. 30 ಗುಂಟೆಯ ಪಾರ್ಕನ್ನು ಅದರ ಸುತ್ತಲಿನ ನಾಲ್ಕು ಬೀದಿಯವರು ಬಳಸುತ್ತಾರೆ. 30 ಗುಂಟೆಯ ದಾರಿಯನ್ನು ಅದರ ಉದ್ದಕ್ಕೂ ಎರಡೂ ಬದಿಯ ಹತ್ತಾರು ಬೀದಿಯವರು ಬಳಸುತ್ತಾರೆ, ಮಕ್ಕಳು ಶಾಲೆಗೂ ಅದರಲ್ಲೇ ಹೋಗುತ್ತಾರೆ. ಜಾಗ ಕಡಿಮೆ, ಕಾಸು ಕಡಿಮೆ ಇರುವ ಊರು ದಾರಿಯಿಂದಲೇ ಆರಂಭಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎರಡನೆಯ ಅಳತೆ ದೂರದ್ದು. ಯಾವ ಮನೆಯಿಂದಲೂ ಐದಾರು ನಿಮಿಷ, ಅಂದರೆ ಸುಮಾರು 400 ಮೀಟರ್ ನಡೆದರೆ ಒಂದು ಹಸಿರು ಜಾಗವೋ ಅಂಥ ಜಾಗಕ್ಕೆ ಒಯ್ಯುವ ದಾರಿಯೋ ಸಿಗಬೇಕು. ನಕ್ಷೆಯ ಮೇಲೆ ಈಗಿರುವ ಪ್ರತಿ ಪಾರ್ಕಿನ ಸುತ್ತ 400 ಮೀಟರಿನ ವೃತ್ತ ಎಳೆಯಿರಿ. ಯಾವ ವೃತ್ತದೊಳಗೂ ಬೀಳದ ಬಡಾವಣೆಗಳೇ ನಿಮ್ಮ ಮೊದಲ ಕೆಲಸ. ಹೀಗೆ ಹೊರಗುಳಿಯುವವು ಸಾಮಾನ್ಯವಾಗಿ ಹಳೆಯ ಪೇಟೆ ಮತ್ತು ಬಡವರ ಕಾಲೊನಿಗಳು. ಹೊಸ ಬಡಾವಣೆಯವರ ದನಿ ಸಭೆಯಲ್ಲಿ ಜೋರಾಗಿರುತ್ತದೆ, ಆದರೆ ವೃತ್ತದ ಹೊರಗಿರುವವರಿಗೆ ಮೊದಲ ಪಾಲು ಸಲ್ಲಬೇಕು.

ಹಂತ 4: ಎಳೆ ಜೋಡಿಸಿ

ಈಗ ಒಂದು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ ಹಿಡಿಯಿರಿ. ನೀಲಿಯಲ್ಲಿ ನಾಲೆ, ಉಪನಾಲೆ, ಹಳ್ಳ, ಕೆರೆ. ಕಂದು ಬಣ್ಣದಲ್ಲಿ ಬಂಡಿದಾರಿ. ಹಸಿರಿನಲ್ಲಿ ಪಾರ್ಕು, ಕ್ರೀಡಾಂಗಣ, ಕಾಲೇಜು ಆವರಣ. ಕೆಂಪಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಸಂತೆ. ನೀಲಿ ಮತ್ತು ಕಂದು ಗೆರೆಗಳು ಹಸಿರನ್ನೂ ಕೆಂಪನ್ನೂ ಎಲ್ಲೆಲ್ಲಿ ಮುಟ್ಟುತ್ತವೆ ನೋಡಿ. ಮುಟ್ಟದೆ ನೂರಿನ್ನೂರು ಮೀಟರ್ ಉಳಿದುಬಿಡುವ ಜಾಗಗಳಲ್ಲಿ ಮಾತ್ರ ರಸ್ತೆ ಬದಿಯ ಪಾದಚಾರಿ ಮಾರ್ಗ ಬೇಕಾಗುತ್ತದೆ.

ದಾರಿ ಆದಷ್ಟು ಸುತ್ತಾಗಿರಲಿ. ಹೋದ ದಾರಿಯಲ್ಲೇ ಹಿಂತಿರುಗಬೇಕಾದಾಗ ಜನ ಬೇಗ ಬೇಸರಗೊಳ್ಳುತ್ತಾರೆ. ಎರಡು ಕಿಲೋಮೀಟರಿನ ಒಂದು ಸಣ್ಣ ಸುತ್ತು, ಅದಕ್ಕೆ ಅಂಟಿಕೊಂಡು ಐದು ಕಿಲೋಮೀಟರಿನ ದೊಡ್ಡ ಸುತ್ತು ಇದ್ದರೆ ಅಜ್ಜಿಯೂ ಓಟಗಾರನೂ ಒಂದೇ ಜಾಗದಿಂದ ಹೊರಡಬಹುದು.

ಮಂಡ್ಯಕ್ಕೆ ಈಚೆಗೆ ದೊರೆತ ಒಂದು ಅವಕಾಶವನ್ನು ಇಲ್ಲಿ ಹೇಳಲೇಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು, ಊರ ಹೊರಗಿನ ಬೈಪಾಸ್‌ನಲ್ಲಿ ದೂರದ ವಾಹನಗಳು ಹೋಗಲಾರಂಭಿಸಿದವು. ಊರ ನಡುವೆ ಹಾದುಹೋಗುವ ಹಳೆಯ ರಸ್ತೆ ಈಗ ಊರಿನವರ ರಸ್ತೆ. ಅದರ ಎರಡೂ ಬದಿಯಲ್ಲಿ ಮರ ಮತ್ತು ಅಗಲವಾದ ಪಾದಚಾರಿ ಮಾರ್ಗಕ್ಕೆ ಜಾಗ ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ.

ಹಂತ 5: ಯಾರ ಜಾಗ, ಯಾರ ಒಪ್ಪಿಗೆ

ನಾಲೆ ಏರಿ ಕಾವೇರಿ ನೀರಾವರಿ ನಿಗಮದ್ದು. ಪಾರ್ಕು ನಗರಸಭೆಯದ್ದು, ಇನ್ನೂ ಹಸ್ತಾಂತರವಾಗದ ಬಡಾವಣೆಯಾದರೆ ಪ್ರಾಧಿಕಾರದ್ದು. ಕೆರೆಗೆ ಒಡೆಯರು ಬೇರೆ ಬೇರೆ, ಪ್ರತಿ ಕೆರೆಗೂ ಪ್ರತ್ಯೇಕವಾಗಿ ವಿಚಾರಿಸಬೇಕು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ, ಕಾರಂಜಿ ಕೆರೆಯನ್ನು ಮೃಗಾಲಯದವರು ನೋಡಿಕೊಳ್ಳುತ್ತಾರೆ. ಒಡೆತನ ಯಾರದ್ದೇ ಇರಲಿ, ದಿನವೂ ಬಾಗಿಲು ತೆರೆಯುವ ಒಬ್ಬ ಜವಾಬ್ದಾರನಿದ್ದರೆ ಜಾಗ ಉಳಿಯುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ. ಮರ ಕಡಿಯಬೇಕಾಗಿ ಬಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ದಾರಿಯನ್ನೇ ಮರದ ಸುತ್ತ ಬಳಸಿದರೆ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಒಪ್ಪಿಗೆ ರೈತರದ್ದು. ನಾಲೆ ಏರಿ ಅವರಿಗೆ ಗದ್ದೆಯ ದಾರಿ. ಕಬ್ಬು ಕಟಾವಿನ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರ್ ಅಲ್ಲೇ ಹೋಗಬೇಕು. ವಾಯುವಿಹಾರಕ್ಕೆ ಬಂದವರು ಗಾಡಿಗೆ ಅಡ್ಡವಾಗಿ ಕಂಬ ನೆಡಿಸಿದರು ಎಂದಾದರೆ ಆ ಕಂಬ ಒಂದು ವಾರವೂ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ನಾಲೆಯ ಎರಡು ದಡಗಳಲ್ಲಿ ಒಂದರ ಮೇಲೆ ಅಗಲವಾದ ಸೇವಾ ರಸ್ತೆ ಇರುತ್ತದೆ, ಇನ್ನೊಂದು ಕಿರಿದಾಗಿರುತ್ತದೆ. ಸೇವಾ ರಸ್ತೆಯನ್ನು ಗಾಡಿಗೆ ಬಿಟ್ಟು ಕಿರಿದಾದ ದಡವನ್ನು ಕಾಲುದಾರಿಗೆ ಆರಿಸಿಕೊಳ್ಳಿ. ಆ ದಡದ ಬಾಯಲ್ಲಿ ಮಾತ್ರ 1.2 ಮೀಟರ್ ಅಂತರದ ಕಂಬಗಳಿರಲಿ. ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ನಡುವಿನ ಕಂಬ ಬೀಗ ತೆಗೆದು ಎತ್ತುವಂಥದ್ದಾಗಿರಬೇಕು, ಹೂಳೆತ್ತುವ ಯಂತ್ರ ಬಂದಾಗ ದಾರಿ ಬೇಕಲ್ಲವೇ. ಬೀಗದ ಕೈ ನೀರುಗಂಟಿಯ (ನಾಲೆಯ ನೀರು ಬಿಟ್ಟು ಹಂಚುವವನ) ಬಳಿಯೂ ಒಂದಿರಲಿ.

ಹಂತ 6: ನೀರಿನ ಪಕ್ಕದ ದಾರಿಯ ವಿನ್ಯಾಸ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ನಮ್ಮ ಜಿಲ್ಲೆಯಲ್ಲಿ ನಾಲೆಯ ಪಕ್ಕ ಏನನ್ನೇ ಮಾಡುವವರೂ ಆ ದಿನವನ್ನು ನೆನೆದೇ ಕೆಲಸಕ್ಕೆ ಕೂರಬೇಕು.

ಕಾಂಕ್ರೀಟ್ ಲೈನಿಂಗ್ ಆದ ನಾಲೆಯ ಗೋಡೆ ಇಳಿಜಾರಾಗಿ, ಪಾಚಿಗಟ್ಟಿ ಜಾರುತ್ತಿರುತ್ತದೆ. ಈಜು ಬಲ್ಲವರಿಗೂ ಅದನ್ನು ಹತ್ತಿ ಬರಲಾಗುವುದಿಲ್ಲ. ದಾರಿ ಮಾಡುವ ಮೊದಲು ಇವಿಷ್ಟು ಆಗಲೇಬೇಕು: ನೀರಿನ ಅಂಚಿನಿಂದ ದಾರಿ ಕನಿಷ್ಠ ಒಂದೂವರೆ ಮೀಟರ್ ದೂರವಿರಬೇಕು. ತಿರುವುಗಳಲ್ಲಿ, ಸೇತುವೆಗಳ ಬಳಿ, ಶಾಲೆಯ ಹತ್ತಿರ ಎದೆಮಟ್ಟದ ಕಂಬಿ ಇರಬೇಕು. ಐವತ್ತು ನೂರು ಮೀಟರಿಗೊಮ್ಮೆ ಗೋಡೆಯಲ್ಲಿ ಮೆಟ್ಟಿಲು ಅಥವಾ ಹಿಡಿದು ಹತ್ತಲು ಸರಪಳಿ ಇರಬೇಕು. ಜನ ಬಟ್ಟೆ ಒಗೆಯುವ, ದನ ಮೈ ತೊಳೆಯುವ ಜಾಗವನ್ನು ಮುಚ್ಚುವ ಬದಲು ಸೋಪಾನ ಕಟ್ಟಿ ಸುರಕ್ಷಿತಗೊಳಿಸಿ. ಮುಚ್ಚಿದರೆ ಅವರು ಇನ್ನೂ ಅಪಾಯದ ಜಾಗಕ್ಕೆ ಸರಿಯುತ್ತಾರೆ, ಅಷ್ಟೇ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದರಿಂದ ನಿನ್ನೆ ಬರಿದಾಗಿದ್ದ ನಾಲೆ ಇವತ್ತು ತುಂಬಿ ಹರಿಯುತ್ತಿರುತ್ತದೆ. ನೀರು ಬಿಡುವ ದಿನ ತಿಳಿಸುವ ಒಂದು ಫಲಕ ಪ್ರತಿ ಪ್ರವೇಶದಲ್ಲೂ ಇರಲಿ.

ಅಗಲ: ಇಬ್ಬರು ಪಕ್ಕಪಕ್ಕ ನಡೆದು, ಎದುರಿನಿಂದ ಒಬ್ಬರು ಬಂದರೂ ಇಕ್ಕಟ್ಟಾಗಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ತೆರವಾದ ಅಗಲ ಕೇಳುತ್ತದೆ. ಸೈಕಲ್ಲೂ ಬರುವುದಾದರೆ ಮೂರು ಮೀಟರ್ ಬೇಕು. ಏರಿ ಹತ್ತುವ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಒಂದು ಮೀಟರ್ ಎತ್ತರಕ್ಕೆ ಹನ್ನೆರಡು ಮೀಟರ್ ಉದ್ದದ ಇಳಿಜಾರು ಎಂದರ್ಥ. ಮೆಟ್ಟಿಲು ಮಾತ್ರ ಇಟ್ಟರೆ ಮಂಡಿನೋವಿನವರನ್ನು ಬಾಗಿಲಲ್ಲೇ ತಡೆದಂತೆ.

ನೆಲ: ಚೆನ್ನಾಗಿ ನೀರು ಹಾಕಿ ರೋಲರ್ ಓಡಿಸಿದ ಮೊರಂ (ಗರಸು ಮಣ್ಣಿನ) ನೆಲ ಕಾಲಿಗೆ ಹಿತ, ಮಳೆ ನೀರನ್ನೂ ಒಂದಿಷ್ಟು ಹೀರುತ್ತದೆ, ಹಾಳಾದರೆ ಒಂದು ಗಾಡಿ ಮಣ್ಣಿನಲ್ಲಿ ಸರಿಹೋಗುತ್ತದೆ. ಇಂಟರ್‌ಲಾಕ್ ಕಲ್ಲು ಫೋಟೋದಲ್ಲಿ ಚೆಂದ, ಆದರೆ ಏರಿಯ ಮಣ್ಣು ಕುಸಿದಂತೆಲ್ಲ ಅಲೆಅಲೆಯಾಗಿ ಎದ್ದು ಎಡವಿಸುತ್ತದೆ. ನೀರು ನಿಲ್ಲದಂತೆ 50ಕ್ಕೆ 1ರಷ್ಟು ಓರೆ ಕೊಡಿ.

ಏರಿಯ ಮೈಮೇಲೆ ಮರ ನೆಡಬೇಡಿ. ಬೇರು ಸತ್ತ ಜಾಗದಲ್ಲಿ ಕೊಳವೆಯಂಥ ಟೊಳ್ಳಾಗಿ ನೀರು ಜಿನುಗುತ್ತದೆ, ಏರಿ ಒಡೆಯುತ್ತದೆ. ನೀರಾವರಿ ಎಂಜಿನಿಯರುಗಳು ಬೇಡ ಎನ್ನುವುದು ಇದಕ್ಕೇ. ಏರಿಯ ಹೊರಗಿನ ಬುಡದಲ್ಲಿ, ನೆಲಮಟ್ಟದಲ್ಲಿ ನೆಟ್ಟರೆ ನೆರಳೂ ಬೀಳುತ್ತದೆ, ಏರಿಯೂ ಉಳಿಯುತ್ತದೆ. ಕೆರೆಯಾದರೆ ಇನ್ನೊಂದು ಮಾತು: ಪೂರ್ತಿ ಸುತ್ತ ದಾರಿ ಮಾಡುವ ಆಸೆಯನ್ನು ಬಿಡಿ. ಹಿನ್ನೀರಿನ ಕಡೆಯ ಮೂರನೇ ಒಂದು ಭಾಗವನ್ನು ಜೊಂಡಿಗೂ ಹಕ್ಕಿಗೂ ಬಿಡಿ. ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಅಡ್ಡವಾಗಿ ಏನನ್ನೂ ಕಟ್ಟಬೇಡಿ.

ಕೆಲಸ ಆರಂಭಿಸುವ ಮೊದಲು ಸುಣ್ಣದ ಪುಡಿಯಲ್ಲಿ ದಾರಿಯನ್ನು ನೆಲದ ಮೇಲೆ ಬರೆಯಿರಿ. ಎರಡು ವಾರ ಜನ ನಡೆಯಲಿ. ಗೆರೆ ಬಿಟ್ಟು ಕಾಲುಗಳು ಎಲ್ಲಿ ಅಡ್ಡ ಹಾಯುತ್ತವೆಯೋ ದಾರಿಯನ್ನು ಅಲ್ಲಿಗೆ ಸರಿಸಿ.

ಹಂತ 7: ಪಾರ್ಕಿನೊಳಗೆ

ನಮ್ಮ ಬಡಾವಣೆಯ ಪಾರ್ಕಿಗೆ ಒಂದು ವರ್ಷ ಹುಲ್ಲುಹಾಸು ಬಂತು. ಉದ್ಘಾಟನೆಯ ದಿನ ಕಣ್ಣಿಗೆ ತಂಪಾಗಿತ್ತು. ಎರಡನೆಯ ಬೇಸಿಗೆಗೆ ಕೊಳವೆಬಾವಿ ಬತ್ತಿತು, ಹುಲ್ಲು ಚಾಪೆಯಂತೆ ಒಣಗಿ ಸುರುಳಿ ಸುತ್ತಿತು. ಉಳಿದದ್ದು ಒಂದೇ, ಪಕ್ಕದ ಮನೆಯ ಅಜ್ಜಿ ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದ್ದ ಹೊಂಗೆ ಮರ. ಏಪ್ರಿಲ್‌ನಲ್ಲಿ ಇಡೀ ಪಾರ್ಕಿನ ಜನವೆಲ್ಲ ಆ ಒಂದು ಮರದ ಕೆಳಗೆ. ನೆರಳು ಸರಿದಂತೆ ಸಿಮೆಂಟ್ ಬೆಂಚು ಸರಿಯುವುದಿಲ್ಲವಲ್ಲ, ಆದ್ದರಿಂದ ಎಲ್ಲರೂ ನೆಲದ ಮೇಲೆ ಕೂರುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಎಂದರೂ ಒಂದು ಎಕರೆಗೆ 20,000 ಲೀಟರ್ ಬೇಕು, ದಿನವೂ. ನೂರು ಎಳೆ ಮರಗಳಿಗೆ ವಾರಕ್ಕೆ ಎರಡು ಸಲ ತಲಾ 20 ಲೀಟರ್ ಹಾಕಿದರೆ ಇಡೀ ವಾರಕ್ಕೆ 4,000 ಲೀಟರ್ ಸಾಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಬಡಾವಣೆಯಿರುವ ಊರಿನಲ್ಲಿ ಎಕರೆಗಟ್ಟಲೆ ಹುಲ್ಲು ಹಾಸುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಮಕ್ಕಳು ಆಡಲು ಗಟ್ಟಿ ಮಣ್ಣಿನ ಬಯಲು ಸಾಕು.

ಬೆಂಚುಗಳಿಗೆ ಬೆನ್ನೊರಗು, ಕೈಯೂರಿ ಏಳಲು ತೋಳು ಇರಲಿ. ಕೂರುವ ಎತ್ತರ 45 ಸೆಂಟಿಮೀಟರ್. ಗೋಡೆಯ ಬದಲು ಒಳಗು ಹೊರಗು ಕಾಣುವ ಕಂಬಿ ಹಾಕಿ. ಬಾಗಿಲು ಕನಿಷ್ಠ ಎರಡು ದಿಕ್ಕಿಗಿರಲಿ. ಹೆಂಗಸರಿಗೆ ಶೌಚಾಲಯವಿಲ್ಲದ ಪಾರ್ಕಿಗೆ ಮನೆ ಹತ್ತಿರವಿರುವ ಹೆಂಗಸರು ಮಾತ್ರ ಬರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ನಾಲ್ಕಕ್ಕೆ ತೆಗೆಯುವ ಪದ್ಧತಿಯನ್ನು ಕೈಬಿಡಿ. ನೆರಳು ಹೆಚ್ಚು ಬೇಕಾದ ಹೊತ್ತೇ ಅದು. ಎಳನೀರು, ಸೌತೆಕಾಯಿ ಮಾರುವವರಿಗೆ ಬಾಗಿಲ ಪಕ್ಕ ಜಾಗ ಕೊಡಿ. ಅವರ ಕಣ್ಣು ದಿನವಿಡೀ ಅಲ್ಲಿರುತ್ತದೆ, ಯಾವ ಕ್ಯಾಮೆರಾಕ್ಕಿಂತಲೂ ಒಳ್ಳೆಯ ಕಾವಲು.

ಹಂತ 8: ಹಣ, ನಿರ್ವಹಣೆ, ಮಹಾಯೋಜನೆ

ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗಳು ಹೊಸ ಆರ್ಥಿಕ ವರ್ಷಕ್ಕೆ ಮುಂಚೆ ನಡೆಯುತ್ತವೆ. ಅಲ್ಲಿಗೆ ಎರಡು ಹಾಳೆ ಹಿಡಿದು ಹೋಗಿ. ಒಂದು ನಕ್ಷೆ, ಇನ್ನೊಂದು ಲೋಕೋಪಯೋಗಿ ದರಪಟ್ಟಿಯಂತೆ ಮಾಡಿಸಿದ ಅಂದಾಜು. ಇಡೀ ಜಾಲವನ್ನು ಒಮ್ಮೆಗೇ ಕೇಳಬೇಡಿ, ಮೊದಲ ಒಂದು ಕಿಲೋಮೀಟರ್ ಕೇಳಿ. ಜಲಮೂಲ ಮತ್ತು ಹಸಿರು ತಾಣಗಳಿಗೆ ಕೇಂದ್ರದ ಅಮೃತ್ 2.0 ಯೋಜನೆಯಲ್ಲಿ ಅವಕಾಶವಿದೆ, ಹಣಕಾಸು ಆಯೋಗದ ಅನುದಾನ, ಶಾಸಕರ ನಿಧಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯೂ ಇವೆ. ಈ ಹಣವೆಲ್ಲ ಕಟ್ಟಲು ಸಿಗುತ್ತದೆ, ನೋಡಿಕೊಳ್ಳಲು ಸಿಗುವುದು ಕಷ್ಟ. ಆದ್ದರಿಂದ ಅಂದಾಜಿನಲ್ಲೇ ಮೂರು ವರ್ಷದ ನಿರ್ವಹಣೆಯನ್ನು ಸೇರಿಸಿ, ಮಾಲಿಯ ಸಂಬಳ, ನೀರು, ದೀಪ, ಶೌಚಾಲಯದ ಶುಚಿ ಎಲ್ಲವನ್ನೂ ಸಾಲುಸಾಲಾಗಿ ಬರೆದು. ಹಣ ಸಾಲದೆಂದು ಈ ಸಾಲುಗಳನ್ನು ಹೊಡೆದುಹಾಕಲು ಬಂದರೆ ಕಾರಂಜಿಯನ್ನು ಬಿಡಿ, ಮಾಲಿಯನ್ನು ಬಿಡಬೇಡಿ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ (ಊರಿನ ಮಾಸ್ಟರ್ ಪ್ಲಾನ್) ಪರಿಷ್ಕರಣೆಯಾಗುವಾಗ ಸಾರ್ವಜನಿಕರ ಆಕ್ಷೇಪ, ಸಲಹೆ ಕೇಳುತ್ತಾರೆ. ಪತ್ರಿಕಾ ಪ್ರಕಟಣೆಯನ್ನು ಕಣ್ಣಿಟ್ಟು ಕಾಯಿರಿ. ನಿಮ್ಮ ದಾರಿಗಳನ್ನು ಸರ್ವೆ ನಂಬರ್ ಸಮೇತ ಬರೆದು ಕೊಡಿ. ನಕ್ಷೆಯಲ್ಲಿ ಹಸಿರು ಗೆರೆಯಾಗಿ ಬಂದರೆ ಮುಂದೆ ಆ ಕಡೆ ಬಡಾವಣೆ ಕೇಳುವವರು ದಾರಿ ಬಿಟ್ಟೇ ನಕ್ಷೆ ಮಾಡಬೇಕಾಗುತ್ತದೆ. ಅದೇ ಕಾಯ್ದೆಯ 14ಎ ಕಲಮಿನಡಿ ಭೂಬಳಕೆ ಬದಲಾವಣೆ ಕೇಳುವ ಪ್ರಕಟಣೆಗಳನ್ನೂ ಓದುತ್ತಿರಿ. ಪಾರ್ಕಿನ ಜಾಗ ಬೇರೆಯದಾಗುವ ಮೊದಲ ಸುಳಿವು ಅಲ್ಲಿ ಎರಡು ಇಂಚಿನ ಜಾಹೀರಾತಾಗಿ ಬರುತ್ತದೆ.

ಹಂತ 9: ಗಿಡ

ನೀರಿನ ಪಕ್ಕಕ್ಕೆ ಹೊಳೆಮತ್ತಿ, ಹೊಂಗೆ, ನೇರಳೆ. ಒಣ ನೆಲಕ್ಕೆ ಬೇವು, ಹುಣಸೆ, ಹಿಪ್ಪೆ, ಕಕ್ಕೆ. ಆಲ, ಅರಳಿ, ಅತ್ತಿಗೆ ದೊಡ್ಡ ಬಯಲೇ ಬೇಕು, ಮರದಿಂದ ಮರಕ್ಕೆ ಹನ್ನೆರಡು ಮೀಟರಾದರೂ ಇರಲಿ. ಉಳಿದವುಗಳಿಗೆ ಆರರಿಂದ ಎಂಟು ಮೀಟರ್. ಗುಲ್‌ಮೊಹರ್ ಹೂವು ಚೆಂದ, ಆದರೆ ಗಾಳಿಗೆ ಕೊಂಬೆ ಮುರಿದು ಬೀಳುವ ಮರವನ್ನು ಬೆಂಚಿನ ಮೇಲೆ ಬೆಳೆಸಬಾರದು.

ಮೇ ತಿಂಗಳಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿಡಿ. ಜೂನ್, ಜುಲೈನಲ್ಲಿ ಆಳೆತ್ತರದ ಗಿಡವನ್ನೇ ನೆಡಿ, ಮೊಣಕಾಲುದ್ದದ ಗಿಡವನ್ನು ಮೇಕೆ ಬಿಡುವುದಿಲ್ಲ. ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಸತ್ತ ಗಿಡದ ಜಾಗದಲ್ಲಿ ಮರು ಮಳೆಗಾಲಕ್ಕೆ ಅದೇ ಸಂಖ್ಯೆಯ ಹೊಸ ಗಿಡ ಬರಲಿ.

ಮೊದಲ ಎರಡು ಬೇಸಿಗೆ ತಪ್ಪದೆ ನೀರು ಹಾಕಿ, ಬುಡಕ್ಕೆ ಕಬ್ಬಿನ ತರಗು ಮುಚ್ಚಿ. ನಮ್ಮ ಸೀಮೆಯಲ್ಲಿ ತರಗಿಗೇನು ಬರವಿಲ್ಲ, ಗದ್ದೆಯಲ್ಲಿ ಸುಡುವ ಮೊದಲು ಹೋಗಿ ಕೇಳಿ ತಂದರಾಯಿತು. ಮೂರನೆಯ ಬೇಸಿಗೆಯಲ್ಲಿ ನೀರನ್ನು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಇಳಿಸುತ್ತ ಬನ್ನಿ, ಬೇರು ಕೆಳಗಿನ ತೇವ ಹುಡುಕಿಕೊಳ್ಳಲಿ. ಆ ಹೊತ್ತಿಗೆ ಕಾಂಡ ಕಾವಲು ಕಂಬಿಯನ್ನು ಮುಟ್ಟುತ್ತಿರುತ್ತದೆ. ಕಂಬಿ ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಿ, ಮುಂದಿನ ಕಿಲೋಮೀಟರಿನ ಗಿಡಗಳಿಗೆ ಸಾಗಿಸಿ.